ರಾಜಘಟ್ಟವನ್ನು ಕಾಣುವ ಬಗೆ

ದೊಡ್ಡಬಳ್ಳಾಪುರದಿಂದ ಕೆಲವೇ ಮೈಲಿಗಳ ದೂರದಲ್ಲಿ, ನಂದಿಬೆಟ್ಟದ ಸಾಲು ದಿಗಂತದಲ್ಲಿ ನೀಲವರ್ಣದಿಂದ ನಿಂತಿರುವ ಬಯಲಿನಲ್ಲಿ, ರಾಜಘಟ್ಟವೆಂಬ ಗ್ರಾಮವೊಂದಿದೆ. ಪ್ರವಾಸಿಗಳು ಈ ಊರಿಗೆ ಬರುವುದು ವಿರಳ. ಭಾನುವಾರದ ಬೆಳಗಿನಲ್ಲಿ ಬೆಂಗಳೂರನ್ನು ಬಿಟ್ಟು ನಂದಿಯ ಶಿಖರಕ್ಕೆ ಧಾವಿಸುವ ಸಾವಿರಾರು ಜನರಲ್ಲಿ, ಘಾಟಿ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತು ಹೋಗುವ ಭಕ್ತರಲ್ಲಿ, ಮಾಕಳಿದುರ್ಗವನ್ನು ಹತ್ತಿಳಿಯುವ ತರುಣರಲ್ಲಿ ಹೆಚ್ಚಿನವರು ಈ ಹೆಸರನ್ನೇ ಕೇಳಿರಲಾರರು. ಆದರೂ ಈ ಗ್ರಾಮದ ಎಲ್ಲೆಯಲ್ಲಿ, ಬೂದಿಗುಂಡಿ ಎಂದು ಜನ ಕರೆಯುತ್ತಿದ್ದ ಒಂದು ದಿಬ್ಬದ ಒಡಲಲ್ಲಿ, ಸುಮಾರು ಸಾವಿರದ ಐನೂರು ವರ್ಷಗಳ ಹಿಂದೆ ಬೌದ್ಧಭಿಕ್ಷುಗಳು ವಾಸಿಸಿ, ಧ್ಯಾನಿಸಿ, ಪೂಜಿಸಿದ ಒಂದು ನೆಲೆಯ ಅಸ್ತಿಭಾರ ಹುದುಗಿತ್ತು. 2001ರಲ್ಲಿಯೂ ಮತ್ತೆ 2004ರಲ್ಲಿಯೂ ಮೈಸೂರು ವಿಶ್ವವಿದ್ಯಾನಿಲಯದ ಪುರಾತತ್ತ್ವಜ್ಞರು, ಪ್ರೊಫೆಸರ್ ಎಂ. ಎಸ್. ಕೃಷ್ಣಮೂರ್ತಿಯವರ ನೇತೃತ್ವದಲ್ಲಿ, ಆ ದಿಬ್ಬವನ್ನು ಅಗೆದು ನೋಡಿದಾಗ ಒಂದು ಚೈತ್ಯಾಲಯದ ಮತ್ತು ಒಂದು ವಿಹಾರದ ಅವಶೇಷಗಳು ಬೆಳಕಿಗೆ ಬಂದುವು. ಅವುಗಳೊಡನೆ ಜೇಡಿಮಣ್ಣಿನಲ್ಲಿ ಮಾಡಿದ ಕಿರುಸ್ತೂಪಗಳು, ಅಕ್ಷರಮುದ್ರೆಯನ್ನು ಒತ್ತಿದ ಮಣ್ಣಿನ ಬಿಲ್ಲೆಗಳು, ಅಪಾರ ಸಂಖ್ಯೆಯಲ್ಲಿ ದೊರೆತುವು.

ಈ ಸಂಗತಿಯ ಬೆಲೆಯನ್ನು ಅರಿಯಬೇಕಾದರೆ ಕನ್ನಡನಾಡಿನ ಬೌದ್ಧಚರಿತ್ರೆಯನ್ನು ಒಂದಿಷ್ಟು ನೆನೆಯಬೇಕಾಗುವುದು. ಅಶೋಕನ ಶಾಸನಗಳು ನಮ್ಮ ನಾಡಿನಲ್ಲಿ ಮಸ್ಕಿಯಲ್ಲಿ, ಬ್ರಹ್ಮಗಿರಿ ಸಿದ್ದಾಪುರ ಜಟಿಂಗರಾಮೇಶ್ವರಗಳಲ್ಲಿ, ಕೊಪ್ಪಳದಲ್ಲಿ ಇವೆಯೆಂಬುದನ್ನು ಶಾಲೆಯ ಹುಡುಗರೂ ಬಲ್ಲರು. ಭೀಮಾತೀರದ ಸನ್ನತಿಯಲ್ಲಿ ಮಹಾಸ್ತೂಪದ ಶಿಲ್ಪಗಳು ಹೊರಬಂದ ಮೇಲೆ ಉತ್ತರದ ಜಿಲ್ಲೆಗಳ ಬೌದ್ಧವೈಭವ ಲೋಕವಿಖ್ಯಾತವಾಯಿತು. ಮಂಗಳೂರಿನ ಕದ್ರಿಯಲ್ಲಿ ಕ್ರಿ. ಶ. 968ರ ಲೋಕೇಶ್ವರನ ಕಂಚಿನ ವಿಗ್ರಹವಿದೆ. ಬಳ್ಳಿಗಾವೆಯಲ್ಲಿಯೂ ಡಂಬಳದಲ್ಲಿಯೂ ಹನ್ನೊಂದನೆಯ ಶತಮಾನದವರೆಗೆ ತಾರಾಭಗವತಿಯ ಆರಾಧನೆ ನಡೆಯುತ್ತಿತ್ತೆಂಬುದಕ್ಕೆ ಶಾಸನಗಳ ಸಾಕ್ಷ್ಯವುಂಟು. ಆದರೆ ಬೆಂಗಳೂರು, ಕೋಲಾರ, ತುಮಕೂರುಗಳ ಈ ಬಯಲುಸೀಮೆಯಲ್ಲಿ, ಗಂಗರ ತವರಿನಲ್ಲಿ, ಬೌದ್ಧರ ಕಟ್ಟಡವೊಂದು ನೆಲದೊಳಗೆ ಇದ್ದೀತೆಂದು ಸಾಮಾನ್ಯ ವಾಚಕರು ಎಣಿಸಿರಲಿಲ್ಲ. ಗಂಗರೆಂದೊಡನೆ ನಮ್ಮ ನೆನಪಿಗೆ ಬರುವುದು ಸಿಂಹನಂದಿ ಆಚಾರ್ಯರ ಕಥೆ, ಶ್ರವಣಬೆಳಗೊಳದ ಗೊಮ್ಮಟ, ಜಿನಾಲಯಗಳಿಗೆ ಬಿಟ್ಟ ದತ್ತಿಗಳು. ಹೀಗಿರುವಾಗ, ಇದೇ ತಾಲ್ಲೂಕಿನ ಮೇಳೆಕೋಟೆಯಲ್ಲಿ ಹಿಂದೆಯೇ ದೊರೆತಿದ್ದ ಗಂಗ ಮಾಧವನ ತಾಮ್ರಶಾಸನವೊಂದು ಬೌದ್ಧರಿಗೆ ಸಂದ ದಾನವನ್ನು ಹೇಳುತ್ತಿದ್ದುದು ವಿದ್ವಾಂಸರ ಗ್ರಂಥಗಳಲ್ಲಿ ಒಂಟಿಯಾಗಿ ಉಳಿದಿತ್ತು. ರಾಜಘಟ್ಟದ ಉತ್ಖನನವು ಆ ಒಂಟಿ ಸಾಕ್ಷಿಗೆ ಜೊತೆಯನ್ನು ಒದಗಿಸಿತು. ಗಂಗರು ತಮ್ಮನ್ನು ಕುವಲಾಲಪುರವರೇಶ್ವರರೆಂದೂ ನಂದಗಿರಿನಾಥರೆಂದೂ ಕರೆದುಕೊಂಡವರು. ಅವರ ಬಿರುದಿನಲ್ಲಿ ಮೆರೆದ ಆ ನಂದಗಿರಿ ರಾಜಘಟ್ಟದ ಹೊಲಗಳಿಂದ ಕಾಣುವ ಬೆಟ್ಟವೇ ಆಗಿದೆ.

ಮಣ್ಣಿನ ಬಿಲ್ಲೆಗಳ ವಿಷಯವನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಉಚಿತವೆಂದು ನನ್ನ ಭಾವನೆ, ಏಕೆಂದರೆ ರಾಜಘಟ್ಟದ ನಿಜವಾದ ನಿಧಿ ಅವೇ. ಬೌದ್ಧರಲ್ಲಿ ಪುಣ್ಯಸಂಪಾದನೆಯ ಒಂದು ಬಗೆಯೆಂದರೆ ಸ್ತೂಪವನ್ನು ಕಟ್ಟಿಸುವುದು. ಅಶೋಕನಂಥ ಚಕ್ರವರ್ತಿ ಇಟ್ಟಿಗೆ ಕಲ್ಲುಗಳಿಂದ ಬೆಟ್ಟದಂಥ ಸ್ತೂಪವನ್ನು ಎತ್ತಿಸಬಲ್ಲ. ಆದರೆ ಕೈಯಲ್ಲಿ ಕಾಸಿಲ್ಲದ ರೈತನೋ, ಕುಂಬಾರನೋ, ದೂರದಿಂದ ಕಾಲ್ನಡೆಯಲ್ಲಿ ಬಂದ ವಿಧವೆಯೋ ಏನು ಮಾಡಬೇಕು? ಅಂಥವರಿಗೆ ಹಸಿಮಣ್ಣಿನ ಗೇಣುದ್ದದ ಸ್ತೂಪವೇ ಸಾಕಾಗಿತ್ತು. ಬುದ್ಧನ ಶರೀರಧಾತುವು, ಎಂದರೆ ಎಲುಬು ಹಲ್ಲುಗಳ ಅವಶೇಷವು, ಎಲ್ಲರಿಗೂ ದೊರೆಯುವ ವಸ್ತುವಲ್ಲವಾದುದರಿಂದ, ಅವನ ಉಪದೇಶವೇ ಅವನ ಶರೀರವೆಂದು ತಿಳಿದು, ಆ ಉಪದೇಶದ ಸಾರವನ್ನು ಕೆತ್ತಿದ ಅಚ್ಚನ್ನು ಮಣ್ಣಿನ ಬಿಲ್ಲೆಯ ಮೇಲೆ ಒತ್ತಿ, ಅದನ್ನು ಸ್ತೂಪದ ಗರ್ಭದಲ್ಲಿ ಇರಿಸುತ್ತಿದ್ದರು. ಇದನ್ನು ಧರ್ಮಶರೀರವೆಂದು ಕರೆದರು. ಏಳನೆಯ ಶತಮಾನದಲ್ಲಿ ನಮ್ಮ ದೇಶಕ್ಕೆ ಬಂದ ಚೀನೀ ಯಾತ್ರಿಕರಾದ ಹ್ಯುಯೆನ್‌ತ್ಸಾಂಗ್ ಮತ್ತು ಇತ್ಸಿಂಗ್ ಇಬ್ಬರೂ ಈ ಪದ್ಧತಿಯನ್ನು ಕಂಡು ಬರೆದಿಟ್ಟಿದ್ದಾರೆ. ಇಂಥ ಬಿಲ್ಲೆಗಳ ಮೇಲೆ ಬೌದ್ಧಪ್ರಪಂಚದಲ್ಲೆಲ್ಲ ಸಾಮಾನ್ಯವಾಗಿ ಕಾಣುವುದು ಹೇತುವಿನಿಂದ ಹುಟ್ಟುವ ಧರ್ಮಗಳನ್ನು ಕುರಿತ ಒಂದು ಚಿಕ್ಕ ಗಾಥೆ: ಲೋಕದಲ್ಲಿ ಇರುವುದೆಲ್ಲ ಕಾರಣದಿಂದ ಸಂಭವಿಸಿದುದೆಂದೂ, ಆ ಕಾರಣವನ್ನೂ ಅದರ ನಿರೋಧವನ್ನೂ ತಥಾಗತನು ತೋರಿಸಿಕೊಟ್ಟನೆಂದೂ ಅದರ ತಾತ್ಪರ್ಯ. ಅಶ್ವಜಿತ್ತೆಂಬ ಭಿಕ್ಷುವಿನ ಬಾಯಿಂದ ಈ ಮಾತನ್ನು ಕೇಳಿದ ಮಾತ್ರದಿಂದಲೇ ಶಾರಿಪುತ್ರನ ಮನಸ್ಸು ಬುದ್ಧಮಾರ್ಗಕ್ಕೆ ತಿರುಗಿತೆಂಬ ಪ್ರತೀತಿಯಿದೆ. ಬೋಧಗಯೆಯಲ್ಲಿ, ನಾಲಂದದಲ್ಲಿ, ಒಡಿಶಾದ ರತ್ನಗಿರಿಯಲ್ಲಿ, ಬರ್ಮಾದಲ್ಲಿ, ಜಾವಾದಲ್ಲಿ ದೊರೆತಿರುವ ಬಿಲ್ಲೆಗಳ ಕುಲಕ್ಕೆ ರಾಜಘಟ್ಟದ ಬಿಲ್ಲೆಗಳೂ ಸೇರಿದುವು. ನಮ್ಮ ದೊಡ್ಡಬಳ್ಳಾಪುರದ ಕೆಮ್ಮಣ್ಣಿನ ಸೀಮೆ ಆ ಕಾಲದಲ್ಲಿ ಎಷ್ಟು ವಿಶಾಲವಾದ ಲೋಕದೊಡನೆ ಒಡನಾಟವಿಟ್ಟುಕೊಂಡಿತ್ತೆಂಬುದನ್ನು ಹೇಳಲು ಬೇರೆ ಪ್ರಮಾಣ ಬೇಕಿಲ್ಲ.

ಚೈತ್ಯವೆಂದರೆ ಪೂಜೆಯ ಮನೆ; ಒಳಗೆ ಸ್ತೂಪ, ಅದರ ಸುತ್ತ ಬಲಬರುವ ದಾರಿ. ವಿಹಾರವೆಂದರೆ ಭಿಕ್ಷುಗಳ ಬಿಡಾರ. ಭಿಕ್ಷುಗಳು ವರ್ಷದ ಎಂಟು ತಿಂಗಳು ಸಂಚಾರದಲ್ಲಿದ್ದು, ಮಳೆಗಾಲದಲ್ಲಿ ಮಾತ್ರ ಒಂದೆಡೆ ನಿಲ್ಲಬೇಕೆಂಬುದು ಪ್ರಾಚೀನ ನಿಯಮ. ಊರಿಗೆ ತೀರ ಹತ್ತಿರವಾದರೆ ಏಕಾಂತಕ್ಕೆ ಭಂಗ, ತೀರ ದೂರವಾದರೆ ಭಿಕ್ಷಾನ್ನಕ್ಕೆ ತೊಂದರೆ. ಆದುದರಿಂದ ಊರಿನ ಅಂಚಿನಲ್ಲಿ, ನೀರಿನ ಆಸರೆಯುಳ್ಳ ಜಾಗಗಳನ್ನು ಅವರು ಆರಿಸಿಕೊಳ್ಳುತ್ತಿದ್ದರು. ಬೂದಿಗುಂಡಿಯ ಸ್ಥಾನವನ್ನು ಈ ದೃಷ್ಟಿಯಿಂದ ನೋಡಿದರೆ ಅಲ್ಲಿ ವಿಹಾರವಿದ್ದುದು ಸಹಜವೆಂದು ತೋರುವುದು. ನಂದಿಯ ಬೆಟ್ಟಗಳಲ್ಲಿ ಹುಟ್ಟುವ ಅರ್ಕಾವತಿಯು ದೊಡ್ಡಬಳ್ಳಾಪುರ ಸೀಮೆಯ ಕೆರೆಗಳನ್ನು ಒಂದಾದ ಮೇಲೊಂದರಂತೆ ತುಂಬಿಸುತ್ತ ಇಳಿದುಬರುತ್ತಿದ್ದ ಕಾಲವನ್ನು ಈಗಲೂ ಹಿರಿಯರು ನೆನೆಯುತ್ತಾರೆ.

ಇಷ್ಟನ್ನೆಲ್ಲ ತಿಳಿದ ಮೇಲೆ ರಾಜಘಟ್ಟಕ್ಕೆ ಹೋದವನಿಗೆ ಕಣ್ಣಿಗೆ ಕಾಣುವುದು ಬಹು ಸ್ವಲ್ಪ. ಬೇಲೂರು ಹಳೇಬೀಡುಗಳ ಶಿಲ್ಪಸಂಪತ್ತನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವನು ನಿರಾಶನಾಗದೆ ಇರಲಾರ. ರಾಗಿಯ ಹೊಲ, ದ್ರಾಕ್ಷಿಯ ತೋಟ, ಹಿಪ್ಪುನೇರಳೆಯ ಸಾಲು, ದೂರದಲ್ಲಿ ಬೆಟ್ಟ, ಇವಷ್ಟೇ ಅವನ ದೃಷ್ಟಿಗೆ ಬೀಳುವುವು. ಹಾಗಾದರೆ ನೋಡುವುದಕ್ಕೆ ಏನೂ ಇಲ್ಲದ ಊರನ್ನು ನೋಡಲು ಹೋಗೆಂದು ಹೇಳುವುದೇಕೆ ಎಂದು ವಾಚಕರು ಕೇಳಬಹುದು. ಈ ಪ್ರಶ್ನೆಗೆ ಉತ್ತರವನ್ನು ಕೊಡುವ ಮುನ್ನ ಸಮುದ್ರದಾಚೆಯ ಕೆಲವು ಊರುಗಳ ಕಡೆಗೆ ಒಮ್ಮೆ ತಿರುಗಿ ಬರೋಣ.

ಜರ್ಮನಿಯ ದಕ್ಷಿಣ ಭಾಗದಲ್ಲಿ, ಟೌಬರ್ ಎಂಬ ಸಣ್ಣ ನದಿಯ ಮೇಲಣ ಏರಿನಲ್ಲಿ, ರೋಟೆನ್‌ಬುರ್ಗ್ ಎಂಬ ಪಟ್ಟಣವಿದೆ. ಜನಸಂಖ್ಯೆ ಹನ್ನೊಂದು ಸಾವಿರದಷ್ಟು. ನಮ್ಮ ಲೆಕ್ಕದಲ್ಲಿ ಒಂದು ದೊಡ್ಡ ಹೋಬಳಿಯ ಊರು. ಅದರ ಸುತ್ತ ಮಧ್ಯಯುಗದ ಕೋಟೆಗೋಡೆ ಇಂದಿಗೂ ನಿಂತಿದ್ದು, ಗೋಡೆಯ ಮೇಲೆ ಮಾಡು ಹೊದಿಸಿದ ಓಣಿಯಲ್ಲಿ ಯಾರು ಬೇಕಾದರೂ ನಡೆದಾಡಬಹುದು. 1945ರ ಮಾರ್ಚ್ ತಿಂಗಳ ಕೊನೆಯ ದಿನ ಬಿದ್ದ ಬಾಂಬುಗಳಿಂದ ಊರಿನ ಪೂರ್ವಭಾಗವೂ ಗೋಡೆಯ ಒಂದಷ್ಟು ಪಾಲೂ ಹಾಳಾದುವು. ಊರಿನವರು ಕೈಕಟ್ಟಿ ಕೂರದೆ, ದೇಶವಿದೇಶಗಳ ದಾನಿಗಳಿಂದ ಹಣವನ್ನು ಸಂಗ್ರಹಿಸಿ, ಹಳೆಯ ಮಾದರಿಯಲ್ಲಿಯೇ ಅದನ್ನು ಮತ್ತೆ ಕಟ್ಟಿದರು. ದಾನಿಗಳ ಹೆಸರುಗಳನ್ನು ಕೆತ್ತಿದ ಕಲ್ಲುಗಳನ್ನು ಗೋಡೆಯಲ್ಲಿ ಇಂದಿಗೂ ಓದಬಹುದು. ನಮ್ಮ ದೇವಸ್ಥಾನಗಳ ಮೆಟ್ಟಿಲುಗಳಲ್ಲಿ ಸೇವಾಕರ್ತರ ಹೆಸರನ್ನು ಕೆತ್ತಿಸುವ ಪದ್ಧತಿಯನ್ನು ಬಲ್ಲ ನಮಗೆ ಇದು ಅಪರಿಚಿತವಲ್ಲ. ಅಲ್ಲಿಂದ ದಕ್ಷಿಣಕ್ಕಿರುವ ನೋರ್ಡ್ಲಿಂಗೆನ್ ಇನ್ನೂ ವಿಚಿತ್ರವಾದ ಊರು: ಸುಮಾರು ಒಂದೂವರೆ ಕೋಟಿ ವರ್ಷಗಳ ಹಿಂದೆ ಆಕಾಶದಿಂದ ಬಿದ್ದ ಮಹಾಶಿಲೆಯೊಂದು ತೋಡಿದ ಕುಳಿಯಲ್ಲಿ ಅದು ಕುಳಿತಿದೆ. ಆ ಕುಳಿಯನ್ನು ಬರಿಗಣ್ಣಿನಿಂದ ನೋಡಿ ಗುರುತಿಸುವುದು ಕಷ್ಟ. ಆದುದರಿಂದ ಊರಿನಲ್ಲಿಯೇ ಅದಕ್ಕೊಂದು ವಸ್ತುಸಂಗ್ರಹಾಲಯವನ್ನು ಮಾಡಿ, ಕಾಣದ ಚರಿತ್ರೆಯನ್ನು ಕಾಣುವಂತೆ ಮಾಡಿದ್ದಾರೆ. ಕನ್ನಡಿಗರಿಗೆ ಹೆಚ್ಚು ಆಪ್ತವಾದ ಟ್ಯೂಬಿಂಗೆನ್ ಇದೆ. ನೆಕ್ಕಾರ್ ನದಿಯ ತಡಿಯ ಈ ವಿದ್ಯಾನಗರದ ವಿಶ್ವವಿದ್ಯಾಲಯವು 1477ರಲ್ಲಿ ಸ್ಥಾಪಿತವಾಯಿತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಎಪ್ಪತ್ತು ಸಾವಿರದಷ್ಟು ಶಬ್ದಗಳ ಕನ್ನಡ ನಿಘಂಟನ್ನು ನಮಗಿತ್ತ ಫರ್ಡಿನೆಂಡ್ ಕಿಟ್ಟೆಲರು ತಮ್ಮ ಅಂತ್ಯಕಾಲವನ್ನು ಕಳೆದು 1903ರಲ್ಲಿ ಕಣ್ಮುಚ್ಚಿದುದು ಆ ಊರಿನಲ್ಲಿ.

ಈ ಊರುಗಳನ್ನು ನೋಡಿ ಬಂದವರು ಅಲ್ಲಿಯ ಅಚ್ಚುಕಟ್ಟನ್ನು ಹೊಗಳುತ್ತಾರೆ, ಹೊಗಳಿಕೆ ಯೋಗ್ಯವೇ. ಆದರೆ ನನಗೆ ಅದಕ್ಕಿಂತ ಮುಖ್ಯವೆಂದು ತೋರುವುದು ಮತ್ತೊಂದು. ಅಲ್ಲಿ ಚರಿತ್ರೆಯನ್ನು ರಾಜಧಾನಿಯ ಗಾಜಿನ ಪೆಟ್ಟಿಗೆಗೆ ಮಾತ್ರ ಬಿಟ್ಟುಕೊಟ್ಟಿಲ್ಲ. ಊರಿನ ವಸ್ತು ಊರಿನಲ್ಲಿಯೇ, ಅಥವಾ ಅದರ ಪ್ರತಿರೂಪವಾದರೂ ಊರಿನಲ್ಲಿಯೇ, ನಡೆದುಹೋಗುವವನ ಕೈಗೆಟುಕುವ ದೂರದಲ್ಲಿ ಇರುತ್ತದೆ. ಮತ್ತು ಅದರ ಕಥೆಯನ್ನು ಹೇಳಬಲ್ಲವರು ಆ ಊರಿನವರೇ ಆಗಿರುತ್ತಾರೆ. ವಯಸ್ಸಿನಲ್ಲಿ ರೋಟೆನ್‌ಬುರ್ಗಿನ ಗೋಡೆಗಿಂತ ಎಷ್ಟೋ ಶತಮಾನಗಳಷ್ಟು ಹಿರಿದಾದ ರಾಜಘಟ್ಟದ ವಿಹಾರಕ್ಕೆ ಈ ಭಾಗ್ಯವಿಲ್ಲವೆಂಬುದು ನನ್ನ ವ್ಯಥೆ.

ಕೋಟೆಯೊಳಗೆ ಜನ ಬದುಕುತ್ತಿರುವ ಊರನ್ನು ಕಾಣಲು ನಾವು ಜರ್ಮನಿಗೇ ಹೋಗಬೇಕಾಗಿಲ್ಲ. ರಾಜಘಟ್ಟದಿಂದ ಅರ್ಧದಿನದೊಳಗೆ ಸೇರಿಬರಬಹುದಾದ ದೇವನಹಳ್ಳಿಯಲ್ಲಿ ಅದು ಇದೆ. ಆವತಿಯ ನಾಡಪ್ರಭುಗಳ ಮನೆತನದ ಮಲ್ಲಬೈರೇಗೌಡನು 1501ರಲ್ಲಿ ಇಲ್ಲಿ ಮಣ್ಣಿನ ಕೋಟೆಯನ್ನು ಕಟ್ಟಿಸಿದನು. ದೊಡ್ಡಬಳ್ಳಾಪುರ ಚಿಕ್ಕಬಳ್ಳಾಪುರಗಳೂ ಇದೇ ಮನೆತನದವರ ಆಳ್ವಿಕೆಗೆ ಸೇರಿದ್ದುವು. 1749ರಲ್ಲಿ ಮೈಸೂರಿನ ನಂಜರಾಜಯ್ಯನು ಈ ಕೋಟೆಯನ್ನು ತಿಂಗಳುಗಟ್ಟಲೆ ಮುತ್ತಿ ಗೆದ್ದುಕೊಂಡಾಗ, ಸೈನ್ಯದಲ್ಲಿ ಅಷ್ಟಾಗಿ ಹೆಸರಿಲ್ಲದೆ ಇದ್ದ ಹೈದರಾಲಿ ತನ್ನ ಸಾಹಸದಿಂದ ಮೊದಲ ಬಾರಿಗೆ ಮೇಲಿನವರ ಕಣ್ಣಿಗೆ ಬಿದ್ದನು. ಮರುವರ್ಷ ಅವನಿಗೆ ಇಲ್ಲಿಯೇ ಟಿಪ್ಪು ಹುಟ್ಟಿದನೆಂದು ಹೇಳುವರು. ಕೋಟೆಯ ಹೊರಗೆ ಅದನ್ನು ಸೂಚಿಸುವ ಕಂಬಗಳ ಪುಟ್ಟ ಆವರಣವಿದೆ. ಅಧಿಕಾರ ಕೈಗೆ ಬಂದ ಮೇಲೆ ಹೈದರನು ಕೋಟೆಯನ್ನು ಕಲ್ಲಿನಲ್ಲಿ ಮತ್ತೆ ಕಟ್ಟಿಸಿದನು. 1791ರಲ್ಲಿ ಕಾರ್ನ್‌ವಾಲಿಸನ ದಂಡು ಇದನ್ನು ಹಿಡಿದುಕೊಂಡಿತು. ಇಂದು ಅಂಡಾಕಾರದ ಗೋಡೆ, ಅರೆವೃತ್ತದ ಬುರುಜುಗಳು, ಪೂರ್ವಪಶ್ಚಿಮಗಳಲ್ಲಿ ಬಾಗಿಲುಗಳು ಉಳಿದಿವೆ. ಗೋಡೆಯೊಳಗೆ ಬೀದಿಗಳೂ ಮನೆಗಳೂ ಇದ್ದು, ವೇಣುಗೋಪಾಲಸ್ವಾಮಿಯ ದೇವಾಲಯದಲ್ಲಿ ನಿತ್ಯವೂ ಗಂಟೆ ಮೊಳಗುತ್ತದೆ. ಆ ದೇವಾಲಯದ ಹೊರಗೋಡೆಯಲ್ಲಿ ರಾಮಾಯಣದ ಪ್ರಸಂಗಗಳನ್ನೂ ಕೃಷ್ಣನ ಬಾಲಲೀಲೆಗಳನ್ನೂ ಸಾಲಾಗಿ ಕೆತ್ತಿದ್ದಾರೆ. ನಿಧಾನವಾಗಿ ಬಲಬಂದು ನೋಡತಕ್ಕ ಶಿಲ್ಪಗಳು ಅವು. ಬುರುಜಿನ ಮೇಲೆ ಹತ್ತಿ ನಿಂತರೆ ಒಂದು ಕಡೆ ಹೆಂಚಿನ ಮನೆಗಳೂ ಮತ್ತೊಂದು ಕಡೆ ತೋಟಗಳೂ ಕಾಣುವುವು. ತಲೆಯ ಮೇಲೆ, 2008ರಲ್ಲಿ ಆರಂಭವಾದ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನಗಳು. ಚಕ್ಕೋತದ ಹಣ್ಣಿಗೆ ಹೆಸರಾದ ಈ ಊರಿನ ತೋಟಗಳು ಒಂದೊಂದಾಗಿ ನಿವೇಶನಗಳಾಗುತ್ತಿರುವುದನ್ನು ಕಂಡು ಮನಸ್ಸು ಕಳವಳಗೊಳ್ಳುತ್ತದೆ.

ನಂದಿಗ್ರಾಮದ ಭೋಗನಂದೀಶ್ವರನ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ, ಅದು ಪ್ರಸಿದ್ಧ. ಒಂಬತ್ತನೆಯ ಶತಮಾನದ ಮೂಲಕ್ಕೆ ಬಾಣ, ನೊಳಂಬ, ಚೋಳ, ಹೊಯ್ಸಳ, ವಿಜಯನಗರದವರು ಒಬ್ಬರಾದ ಮೇಲೊಬ್ಬರು ಸೇರಿಸುತ್ತ ಬಂದ ದೇವಾಲಯವದು. ಅರುಣಾಚಲೇಶ್ವರ ಭೋಗನಂದೀಶ್ವರರ ಗುಡಿಗಳ ನಡುವೆ ಕರಿಯ ಕಲ್ಲಿನಲ್ಲಿ ಕಡೆದ ಕಲ್ಯಾಣಮಂಟಪವನ್ನು ನೋಡದೆ ಬೆಟ್ಟವನ್ನು ಮಾತ್ರ ಹತ್ತಿ ಹಿಂದಿರುಗುವವರನ್ನು ಕಂಡರೆ ಮರುಕವಾಗುವುದು. ಘಾಟಿಯಲ್ಲಿ ಪುಷ್ಯಮಾಸದ ಹೊತ್ತಿಗೆ ಸೇರುವ ದನಗಳ ಜಾತ್ರೆಯೂ, ದೊಡ್ಡಬಳ್ಳಾಪುರದ ಬೀದಿಗಳಲ್ಲಿ ಹಗಲಿರುಳೂ ಕೇಳುವ ವಿದ್ಯುಚ್ಚಾಲಿತ ಮಗ್ಗಗಳ ಸದ್ದೂ ಈ ಸೀಮೆಯ ನೋಟಕ್ಕೆ ಸೇರಿದುವೇ.

ಈಗ ಆ ಹಿಂದಿನ ಪ್ರಶ್ನೆಗೆ ಬರುವೆನು. ರಾಜಘಟ್ಟದಲ್ಲಿ ನೋಡುವುದೇನು? ಮೊದಲು ಅಲ್ಲಿಯ ಭೂಮಿಯ ವಿನ್ಯಾಸವನ್ನು ನೋಡಬೇಕು: ಬೆಟ್ಟ ಎಲ್ಲಿದೆ, ಇಳಿಜಾರು ಯಾವ ಕಡೆಗೆ, ನೀರು ಹರಿದು ಹೋಗಿ ನಿಲ್ಲುವುದು ಎಲ್ಲಿ, ಊರಿನಿಂದ ದಿಬ್ಬ ಎಷ್ಟು ನಡಿಗೆಯ ದೂರ. ಕಟ್ಟಡವು ಅಳಿದರೂ ಅದನ್ನು ಅಲ್ಲಿ ಕಟ್ಟಿದ ಕಾರಣಗಳು ನೆಲದಲ್ಲಿ ಉಳಿದಿರುತ್ತವೆ. ಅನಂತರ ಊರಿನ ಹಿರಿಯರನ್ನು ಮಾತನಾಡಿಸಬೇಕು. ಹಳೆಯ ಊರುಗಳ ಹೊಲಗಳಲ್ಲಿ ನೇಗಿಲಿಗೆ ಸಿಕ್ಕಿದ ಅಗಲವಾದ ಇಟ್ಟಿಗೆ, ಬಾವಿ ತೋಡುವಾಗ ಬಂದ ಮಡಕೆಯ ಚೂರು, ತಾತಂದಿರು ಹೇಳುತ್ತಿದ್ದ ಮಾತು, ಇವುಗಳಿಗೆ ಗ್ರಂಥಗಳಲ್ಲಿ ದೊರೆಯದ ಬೆಲೆಯುಂಟು. ಬೆಳೆಯಿರುವ ಹೊಲದಲ್ಲಿ ಕಾಲಿಡುವ ಮುನ್ನ ಒಡೆಯರ ಅಪ್ಪಣೆಯನ್ನು ಕೇಳುವುದು, ನೆಲದಿಂದ ಒಂದು ಹೆಂಚಿನ ಚೂರನ್ನೂ ಎತ್ತಿಕೊಳ್ಳದಿರುವುದು ನೋಡುವವನ ಧರ್ಮ. ಮುಂಗಾರಿಗೆ ಮುಂಚೆ ಹೋದರೆ ಹೊಲಗಳು ತೆರಪಾಗಿದ್ದು ನೆಲದ ಏರುತಗ್ಗುಗಳು ಸ್ಪಷ್ಟವಾಗಿ ತೋರುವುವು. ಸುಗ್ಗಿ ಕಳೆದ ಮೇಲಿನ ಎಳೆಬಿಸಿಲಿನಲ್ಲಿ ಹೋದರೆ ಬೆಟ್ಟದ ನೋಟ ಇನ್ನೂ ಚೆನ್ನು. ಬೆಂಗಳೂರಿನಿಂದ ಹಿಂದೂಪುರದ ಕಡೆಗೆ ಹೋಗುವ ರೈಲು ದೊಡ್ಡಬಳ್ಳಾಪುರದಲ್ಲಿ ನಿಲ್ಲುತ್ತದೆ; ಅಲ್ಲಿಂದ ಮುಂದಕ್ಕೆ ಬಸ್ಸೋ ಆಟೋವೋ ದೊರೆಯುವುದು.

ಇದು ನೋಡುವವನು ಮಾಡಬೇಕಾದುದು. ನೋಡಗೊಡುವವರು ಮಾಡಬೇಕಾದುದೂ ಒಂದಿದೆ, ಮತ್ತು ಅದು ಅಷ್ಟೇನೂ ದುಬಾರಿಯಾದುದಲ್ಲ. ರಾಜಘಟ್ಟದಲ್ಲಿಯೇ, ಶಾಲೆಯ ಆವರಣದಲ್ಲಿಯೋ ಪಂಚಾಯಿತಿಯ ಕಟ್ಟಡದಲ್ಲಿಯೋ, ಒಂದು ಕೋಣೆಯನ್ನು ಇದಕ್ಕಾಗಿ ಮೀಸಲಿಡಬೇಕು. ಅಗೆತದಲ್ಲಿ ಸಿಕ್ಕ ಮೂಲವಸ್ತುಗಳು ಬಹು ನಾಜೂಕಾದುವು, ಅವು ತಜ್ಞರ ರಕ್ಷಣೆಯಲ್ಲಿಯೇ ಇರಲಿ. ಅವುಗಳ ಅಚ್ಚುಗಳನ್ನು ತೆಗೆದು ಮಾಡಿದ ಪ್ರತಿಗಳು ಊರಿಗೆ ಬರಲಿ. ಗೋಡೆಯ ಮೇಲೆ ಚೈತ್ಯವಿಹಾರಗಳ ನಕ್ಷೆಯನ್ನು ದೊಡ್ಡದಾಗಿ ಬರೆಯಿಸಿ, ಪಕ್ಕದಲ್ಲಿ ಮೇಳೆಕೋಟೆಯ ತಾಮ್ರಶಾಸನದ ಚಿತ್ರವನ್ನು ಇರಿಸಿ, ಕೆಳಗೆ ತಿಳಿಗನ್ನಡದಲ್ಲಿ ವಿವರಣೆಯನ್ನು ಕೊಡಬೇಕು. ವರ್ಷಕ್ಕೊಮ್ಮೆ ಶಾಲೆಯ ಮಕ್ಕಳ ಕೈಗೆ ಜೇಡಿಮಣ್ಣನ್ನೂ ಅಚ್ಚನ್ನೂ ಕೊಟ್ಟು ಬಿಲ್ಲೆಗಳನ್ನು ಒತ್ತಿಸಿದರೆ, ಗ್ರಂಥದಿಂದ ಕಲಿಯಲಾಗದ ಎಷ್ಟೋ ಸಂಗತಿಗಳನ್ನು ಅವರು ಬೆರಳುಗಳಿಂದಲೇ ಕಲಿತಾರು: ಮಣ್ಣು ಎಷ್ಟು ಹಸಿಯಾಗಿರಬೇಕು, ಅಕ್ಷರವು ಅಚ್ಚಿನಲ್ಲಿ ಏಕೆ ತಿರುಗುಮುರುಗಾಗಿರಬೇಕು, ಅಂಗೈಯ ಗೆರೆ ಹಿಂಬದಿಯಲ್ಲಿ ಹೇಗೆ ಮೂಡುವುದು. ದಿಬ್ಬದ ಬಳಿಗೆ ಹೋಗುವ ದಾರಿಯಲ್ಲಿ ಒಂದು ಕಲ್ಲಿನ ಫಲಕ ಬೇಕು. ತಗಡಿನದು ಎರಡು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಬೆಂಗಳೂರಿನ ಬಡಾವಣೆಗಳು ಈ ಕಡೆಗೆ ಬೆಳೆಯುತ್ತಿರುವ ವೇಗವನ್ನು ನೋಡಿದರೆ, ಇದುವರೆಗೆ ಅಗೆಯದೆ ಉಳಿದ ಸುತ್ತಲಿನ ನೆಲವನ್ನು ಗುರುತುಹಾಕಿ, ಅಲ್ಲಿ ಬುನಾದಿ ತೋಡುವ ಮುನ್ನ ಪುರಾತತ್ತ್ವಜ್ಞರು ಒಮ್ಮೆ ಪರೀಕ್ಷಿಸುವಂತೆ ಏರ್ಪಡಿಸುವುದು ತಡಮಾಡಬಾರದ ಕಾರ್ಯ. ಈ ಮಾತುಕತೆಗೆ ಅಧಿಕಾರಿಗಳನ್ನೂ ವಿದ್ವಾಂಸರನ್ನೂ ಕರೆಯುವುದಕ್ಕೆ ಮೊದಲು ಆ ಹೊಲಗಳ ರೈತರನ್ನು ಕರೆದು ಕೂಡಿಸಬೇಕು. ಅವರ ಜಮೀನಿಗೂ ಬೆಳೆಗೂ ಹಾನಿಯಾಗದಂತೆ, ಹಾನಿಯಾದರೆ ತಕ್ಕ ಪರಿಹಾರ ಕೈಸೇರುವಂತೆ, ಮೊದಲೇ ಬರಹದಲ್ಲಿ ಒಪ್ಪಂದವಾಗಬೇಕು.